ಬೆಳಕಿನ ಲೇಪನವೂ ಕೈಯ ಕಾಯಕವೂ



ಕಳೆದ ತಿಂಗಳು ಶ್ರೀಮಠದ ಹಿರಿಯ ಭಕ್ತರೊಬ್ಬರು ಜೋರಾಪುರ ಪೇಟೆಯಲ್ಲಿರುವ ನಮ್ಮ ಚಿಕಿತ್ಸಾಲಯಕ್ಕೆ ದಯಮಾಡಿಸಿದ್ದರು. ಅವರ ಕೈಯಲ್ಲಿ ಬಣ್ಣದ ಮಾಹಿತಿಪತ್ರವೊಂದಿತ್ತು. ಬೆಳಕು ಬಿದ್ದರೆ ಸಾಕು, ಗೋಡೆ, ನೆಲ, ಮೇಜು, ಬಾಗಿಲ ಹಿಡಿಕೆಗಳು ತಮ್ಮಷ್ಟಕ್ಕೆ ತಾವೇ ಶುಚಿಯಾಗುವಂತೆ ಮಾಡುವ ಬೆಳ್ಳಿಯ ನ್ಯಾನೊ ಕಣಗಳ ಲೇಪನದ ಪ್ರಚಾರವದು. “ಮಕ್ಕಳ ವಸತಿ ನಿಲಯಕ್ಕೂ ದಾಸೋಹ ಮನೆಗೂ ಇದನ್ನ ಹೊಡಿಸಿದ್ರ ಹ್ಯಾಂಗ್ರಿ ಡಾಕ್ಟರ್ರ? ಭಕ್ತರೊಬ್ಬರು ಖರ್ಚು ಕೊಡತೀನಿ ಅಂದಾರ” ಎಂದು ಅವರು ಕೇಳಿದರು. ಕೂಡಲೇ ಉತ್ತರ ಕೊಡಲು ನಮಗೆ ಸಾಧ್ಯವಾಗಲಿಲ್ಲ. ಏಕೆಂದರೆ ಇಂಥದೇ ಒಂದು ಮಾಹಿತಿಪತ್ರವನ್ನು ನಂಬಿ ಕೆಲವು ವರ್ಷಗಳ ಹಿಂದೆ ನಾವೇ ಒಂದು ತಪ್ಪು ಮಾಡಿದ್ದೆವು. ಆ ತಪ್ಪನ್ನೂ, ಅದರಿಂದ ಕಲಿತುದನ್ನೂ, ಈ ವಿದ್ಯೆಯ ಹಿಂದಿರುವ ನಿಜವಾದ ವಿಜ್ಞಾನವನ್ನೂ ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ತಪ್ಪು

2021ರ ಮಳೆಗಾಲ. ಕೋವಿಡ್ ಭಯ ಇನ್ನೂ ಮನಸ್ಸಿನಿಂದ ಮಾಸಿರಲಿಲ್ಲ. ಅಂಗಡಿ, ಕಚೇರಿ, ಆಸ್ಪತ್ರೆಗಳಿಗೆಲ್ಲ ಔಷಧ ಸಿಂಪಡಿಸುವವರು ಊರೂರು ತಿರುಗುತ್ತಿದ್ದ ಕಾಲವದು. ಒಬ್ಬ ಮಾರಾಟಗಾರ ಬಂದು, ಬೆಳ್ಳಿ ಮತ್ತು ಟೈಟಾನಿಯಂ ಕಣಗಳ ದ್ರವವನ್ನು ನಮ್ಮ ಅಭ್ಯಂಗದ ಕೋಣೆಗೆ ಸಿಂಪಡಿಸಿದ. ಗೋಡೆ, ಬಾಗಿಲು, ಕುಳಿತುಕೊಳ್ಳುವ ಬೆಂಚು, ರೋಗಿಗಳನ್ನು ಮಲಗಿಸಿ ತೈಲ ಹಚ್ಚುವ ದ್ರೋಣಿ, ಎಲ್ಲಕ್ಕೂ ಲೇಪನವಾಯಿತು. ಇನ್ನು ಆರು ತಿಂಗಳು ತೊಳೆಯುವ ಗೊಡವೆಯೇ ಬೇಡವೆಂದು ಹೇಳಿ ಹಣ ಪಡೆದು ಹೋದ.

ನಾವು ಅವನ ಮಾತನ್ನು ನಂಬಿದೆವು. ಪ್ರತಿ ರೋಗಿಯ ನಂತರ ದ್ರೋಣಿಯನ್ನು ಸೀಗೆಪುಡಿ, ಬಿಸಿನೀರು ಹಾಕಿ ತಿಕ್ಕಿ ತೊಳೆಯುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದ ರೂಢಿ. ಲೇಪನ ಸವೆದೀತೆಂಬ ಕಾರಣದಿಂದ ಅದನ್ನು ನಿಲ್ಲಿಸುವಂತೆ ನಾವೇ ಹೇಳಿದೆವು. ಹಾಸುಬಟ್ಟೆ ಬದಲಿಸಿದರೆ ಸಾಕೆಂದೆವು. ಕೆಲಸದ ತಾಯಿ ಎರಡು ಸಲ ಎಚ್ಚರಿಸಿದರು. “ಸಾಹೇಬ್ರ, ದ್ರೋಣಿ ಮ್ಯಾಲ ಕೈ ಇಟ್ಟರ ಜಿಡ್ಡ ಹತ್ತತೈತ್ರಿ. ತಿಕ್ಕಲಿಲ್ಲಂದ್ರ ಹ್ಯಾಂಗ್ರಿ?” ಎಂದರು. ನಾವು ಓದಿದವರು. ಅವರ ಮಾತಿಗೆ ನಕ್ಕು ಸುಮ್ಮನಾದೆವು.

ಒಂದು ತಿಂಗಳು ತುಂಬುವುದರೊಳಗೆ ಐವರು ರೋಗಿಗಳ ಬೆನ್ನು, ಸೊಂಟಗಳ ಮೇಲೆ ಹುಳಕಡ್ಡಿ ಕಾಣಿಸಿಕೊಂಡಿತು. ಆ ಐವರೂ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಅವರೆಲ್ಲರಿಗೂ ಸಮಾನವಾಗಿದ್ದುದು ಆ ದ್ರೋಣಿಯೊಂದೇ. ಅವರಲ್ಲೊಬ್ಬರು ತಿಕೋಟಾ ಕಡೆಯ ಒಂದು ಹಳ್ಳಿಯ ವೃದ್ಧ ತಾಯಿ, ಹಲವು ವರ್ಷಗಳಿಂದ ಮಧುಮೇಹಿ. ಮಂಡಿನೋವಿಗೆಂದು ನಮ್ಮಲ್ಲಿ ಬಂದವರು. ತುರಿಕೆ ತಾಳಲಾರದೆ ಕೆರೆದುಕೊಂಡು ಗಾಯವಾಗಿ, ಗಾಯ ಕೀವಾಗಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಆರು ವಾರಗಳ ನಂತರ ಗುಣಮುಖರಾದರು. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆ ತಾಯಿ ನಮ್ಮನ್ನು ಬೈಯಲಿಲ್ಲ. ಚಹಾ ಕೊಟ್ಟು, “ನೀವೇ ಇಷ್ಟು ದೂರ ಬಂದ್ರೆಲ್ರಿ” ಎಂದಷ್ಟೇ ಹೇಳಿದರು. ಬೈದಿದ್ದರೆ ಮನಸ್ಸು ಅಷ್ಟು ಭಾರವಾಗುತ್ತಿರಲಿಲ್ಲ.

ನಮ್ಮ ನಾಚಿಕೆಗೆ ಇನ್ನೊಂದು ಕಾರಣವೂ ಉಂಟು. ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳನ್ನು ಹೇಳುವಾಗ ಕುಷ್ಠವೆಂಬ ಚರ್ಮರೋಗಗಳ ಗುಂಪನ್ನು ಮೊದಲು ಎಣಿಸುತ್ತಾರೆ. ದೇಹಸ್ಪರ್ಶ, ಒಂದೇ ಹಾಸಿಗೆ, ಒಂದೇ ಆಸನ, ಒಂದೇ ವಸ್ತ್ರ, ಒಂದೇ ಲೇಪನದ ಬಳಕೆಗಳಿಂದ ಅವು ಹರಡುತ್ತವೆಂದು ಸ್ಪಷ್ಟವಾಗಿ ತಿಳಿಸುತ್ತಾರೆ. ನಾವು ಬಿ.ಎ.ಎಂ.ಎಸ್. ಓದುವಾಗ ಈ ಶ್ಲೋಕವನ್ನು ಕಂಠಪಾಠ ಮಾಡಿದ್ದೆವು. ನಾಲ್ಕು ದಶಕಗಳ ನಂತರ ಒಂದು ಮಾಹಿತಿಪತ್ರದ ಮುಂದೆ ಅದು ಮರೆತುಹೋಯಿತು.

ಲೇಪನದಲ್ಲಿ ನಡೆಯುವುದೇನು?

ಹಾಗಾದರೆ ಈ ವಿದ್ಯೆಯೇ ಸುಳ್ಳೇ? ಅಲ್ಲ. ಇದರ ಹಿಂದೆ ಐವತ್ತು ವರ್ಷಗಳಿಗೂ ಮೀರಿದ ಗಟ್ಟಿಯಾದ ವಿಜ್ಞಾನವಿದೆ.

ಸೂರ್ಯನ ಬೆಳಕು ಶುದ್ಧಿಕಾರಕವೆಂಬುದು ನಮ್ಮ ಹಿರಿಯರ ಅನುಭವ. ನಮ್ಮ ಜಿಲ್ಲೆಯ ದೇವರ ಹಿಪ್ಪರಗಿಯಲ್ಲಿ ಜನಿಸಿದ ಮಡಿವಾಳ ಮಾಚಿದೇವ ಶರಣರ ಕಾಯಕದಲ್ಲಿ ನೀರು, ಕಲ್ಲು, ಬಿಸಿಲು ಮೂರೂ ಸೇರಿದ್ದವು. ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು 1877ರಲ್ಲಿ ಪ್ರಯೋಗದಿಂದ ತೋರಿಸಿದರು. ಆದರೆ ಬೆಳಕಿನ ಈ ಶಕ್ತಿಯನ್ನು ಒಂದು ಲೇಪನದೊಳಗೆ ಹಿಡಿದು ದುಡಿಸಬಹುದೆಂಬುದು ತಿಳಿದುಬಂದುದು ಜಪಾನಿನಲ್ಲಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅಕಿರಾ ಫುಜಿಶಿಮಾ ಮತ್ತು ಅವರ ಗುರುಗಳಾದ ಕೆನಿಚಿ ಹೋಂಡಾ ಅವರು ನೀರಿನಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡ್ ಹರಳಿನ ಮೇಲೆ ಬೆಳಕು ಬೀಳಿಸಿದಾಗ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದನ್ನು ಕಂಡರು. 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು.

ಟೈಟಾನಿಯಂ ಡೈಆಕ್ಸೈಡ್ ನಮಗೆ ಅಪರಿಚಿತ ವಸ್ತುವೇನಲ್ಲ. ಗೋಡೆಯ ಬಿಳಿ ಬಣ್ಣ, ಹಲ್ಲುಜ್ಜುವ ಪೇಸ್ಟು, ಬಿಸಿಲಿಗೆ ಹಚ್ಚುವ ಕ್ರೀಮುಗಳಲ್ಲಿ ಅದು ಇರುತ್ತದೆ. ಅದರ ಅನಾಟೇಸ್ ಎಂಬ ರೂಪದ ಮೇಲೆ ನೇರಳಾತೀತ ಕಿರಣ ಬಿದ್ದಾಗ ಅದರೊಳಗಿನ ಒಂದು ಎಲೆಕ್ಟ್ರಾನು ತನ್ನ ನೆಲೆ ಬಿಟ್ಟು ಮೇಲಿನ ನೆಲೆಗೆ ಜಿಗಿಯುತ್ತದೆ. ಅದು ಬಿಟ್ಟುಹೋದ ಸ್ಥಳದಲ್ಲಿ ಒಂದು ತೆರವು ಉಳಿಯುತ್ತದೆ. ಆ ತೆರವು ಗಾಳಿಯ ತೇವದಿಂದ ಎಲೆಕ್ಟ್ರಾನನ್ನು ಕಸಿದುಕೊಂಡು ಹೈಡ್ರಾಕ್ಸಿಲ್ ಎಂಬ ಅತಿ ಚುರುಕಾದ ಕಣವನ್ನು ಹುಟ್ಟಿಸುತ್ತದೆ. ಮೇಲೆ ಜಿಗಿದ ಎಲೆಕ್ಟ್ರಾನು ಆಮ್ಲಜನಕವನ್ನು ಸೇರಿ ಇನ್ನೊಂದು ಚುರುಕು ಕಣವನ್ನು ಹುಟ್ಟಿಸುತ್ತದೆ. ಈ ಎರಡೂ ಬಗೆಯ ಕಣಗಳು ಹತ್ತಿರದಲ್ಲಿರುವ ಜಿಡ್ಡು, ಬೆವರು, ಹೊಗೆಯ ಮಸಿ, ಸೂಕ್ಷ್ಮಜೀವಿಗಳ ಹೊರಕವಚ ಮೊದಲಾದ ಸಾವಯವ ವಸ್ತುಗಳನ್ನು ಸ್ವಲ್ಪಸ್ವಲ್ಪವಾಗಿ ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡು ಮತ್ತು ನೀರಾಗಿ ಮಾರ್ಪಡಿಸುತ್ತವೆ. ಲೇಪನ ತಾನು ಖರ್ಚಾಗುವುದಿಲ್ಲ. ಬೆಳಕಿರುವವರೆಗೆ ಕೆಲಸ ಸಾಗುತ್ತದೆ. ಇದನ್ನು ಬೆಳಕಿನ ವೇಗವರ್ಧನೆಯೆಂದು ಕರೆಯಬಹುದು.

ಹಳೆಯ ಅಗ್ಗದ ಬಣ್ಣ ಬಳಿದ ಹೊರಗೋಡೆಗೆ ಕೈ ಸವರಿದರೆ ಸುಣ್ಣದಂಥ ಪುಡಿ ಅಂಗೈಗೆ ಹತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿಯೂ ಇದೇ ಕ್ರಿಯೆ ನಡೆದಿರುತ್ತದೆ. ಬಿಸಿಲು ಬಿದ್ದ ಬಿಳಿಯ ಕಣಗಳು ತಮ್ಮನ್ನು ಹಿಡಿದಿಟ್ಟ ಅಂಟನ್ನೇ ತಿಂದುಹಾಕಿರುತ್ತವೆ.

ಕಮಲದೆಲೆ ಮತ್ತು ಗಾಜು

ತಾನೇ ಶುಚಿಯಾಗುವ ಮೇಲ್ಮೈಗಳಲ್ಲಿ ಎರಡು ಬಗೆ. ಕಮಲದೆಲೆ, ಕೆಸುವಿನೆಲೆಗಳ ಮೇಲೆ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ, ಹೋಗುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಎಲೆಯ ಮೇಲಿನ ಮೇಣದ ಅತಿ ಸೂಕ್ಷ್ಮ ಉಬ್ಬುಗಳು ಇದಕ್ಕೆ ಕಾರಣವೆಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರಿಸಿದರು. ಇದಕ್ಕೆ ಬೆಳಕು ಬೇಕಿಲ್ಲ.

ಟೈಟಾನಿಯಂ ಲೇಪನದ ದಾರಿ ಇದಕ್ಕೆ ವಿರುದ್ಧ. ಬೆಳಕು ಬಿದ್ದ ಲೇಪನದ ಮೇಲೆ ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹಾಳೆಯಂತೆ ಹರಡಿ, ಸಡಿಲವಾದ ಕೊಳೆಯ ಅಡಿಗೆ ನುಗ್ಗಿ ಅದನ್ನು ತೊಳೆದುಕೊಂಡು ಹೋಗುತ್ತದೆ. ಇದೂ 1997ರಲ್ಲಿಯೇ, ಜಪಾನಿನ ವಿಜ್ಞಾನಿಗಳಿಂದ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. 2001ರಲ್ಲಿ ಪಿಲ್ಕಿಂಗ್ಟನ್ ಸಂಸ್ಥೆ ಇಂಥ ಕಿಟಕಿ ಗಾಜನ್ನು ಮಾರುಕಟ್ಟೆಗೆ ತಂದಿತು. ರೋಮ್ ನಗರದಲ್ಲಿ 2003ರಲ್ಲಿ ಪೂರ್ಣಗೊಂಡ ಜುಬಿಲಿ ಚರ್ಚಿನ ಬಿಳಿಯ ಕಾಂಕ್ರೀಟು ಹೊದಿಕೆಯಲ್ಲಿಯೂ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ ಸಿಮೆಂಟನ್ನು ಬಳಸಿದ್ದಾರೆ. ಗಮನಿಸಬೇಕಾದ ಅಂಶವೆಂದರೆ, ಗಾಜು ಮತ್ತು ಚರ್ಚು ಎರಡೂ ಬಯಲಿನಲ್ಲಿ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿವೆ.

ಬೆಳ್ಳಿ, ಬಂಗಾರ, ತಾಮ್ರಗಳ ಪಾತ್ರ

ಅನಾಟೇಸಿಗೆ ಒಂದು ಕೊರತೆಯುಂಟು. ಸುಮಾರು 388 ನ್ಯಾನೊಮೀಟರಿಗಿಂತ ಕಡಿಮೆ ಅಲೆಯುದ್ದದ ನೇರಳಾತೀತ ಬೆಳಕು ಮಾತ್ರ ಅದನ್ನು ಎಬ್ಬಿಸಬಲ್ಲುದು. ನೆಲ ಮುಟ್ಟುವ ಬಿಸಿಲಿನಲ್ಲಿ ಇಂಥ ಕಿರಣಗಳು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಜತೆಗೆ ಜಿಗಿದ ಎಲೆಕ್ಟ್ರಾನು ಕೆಲಸ ಮಾಡುವ ಮೊದಲೇ ತನ್ನ ತೆರವಿಗೆ ಮರಳಿ ಬೀಳುವುದೇ ಹೆಚ್ಚು. ಈ ಕೊರತೆಗಳನ್ನು ನೀಗಿಸಲು ಲೋಹದ ನ್ಯಾನೊ ಕಣಗಳನ್ನು ಸೇರಿಸುತ್ತಾರೆ.

ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಇಷ್ಟು ಸಣ್ಣದಾದಾಗ ಲೋಹದ ಸ್ವಭಾವವೇ ಬದಲಾಗುತ್ತದೆ. ಬಂಗಾರದ ನ್ಯಾನೊ ಕಣಗಳು ತೇಲುವ ನೀರು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ, ಏಕೆಂದರೆ ಆ ಕಣಗಳು ಹಸಿರು ಬೆಳಕನ್ನು ಹೀರಿಕೊಳ್ಳುತ್ತವೆ. ಹೀಗೆ ಕಣ್ಣಿಗೆ ಕಾಣುವ ಬೆಳಕನ್ನೂ ಹಿಡಿಯಬಲ್ಲ ಈ ಕಣಗಳು ಟೈಟಾನಿಯಂ ಡೈಆಕ್ಸೈಡಿಗೆ ಜತೆಗಾರರಾಗುತ್ತವೆ. ಜಿಗಿದ ಎಲೆಕ್ಟ್ರಾನನ್ನು ತಮ್ಮಲ್ಲಿ ಹಿಡಿದಿಟ್ಟು, ಅದು ಬೇಗ ಮರಳದಂತೆ ತಡೆಯುತ್ತವೆ. ಬೆಳ್ಳಿ, ತಾಮ್ರಗಳು ಇದರ ಜತೆಗೆ ತಮ್ಮ ಅಯಾನುಗಳನ್ನು ಬಿಟ್ಟು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಆರ್.ಎಂ.ಐ.ಟಿ. ವಿಶ್ವವಿದ್ಯಾಲಯದ ರಾಜೇಶ್ ರಾಮನಾಥನ್, ವಿಪುಲ್ ಬನ್ಸಲ್ ಮತ್ತು ಸಂಗಡಿಗರು ಹತ್ತಿಬಟ್ಟೆಯ ಎಳೆಗಳ ಮೇಲೆ ತಾಮ್ರ, ಬೆಳ್ಳಿಗಳ ನ್ಯಾನೊ ರಚನೆಗಳನ್ನು ಬೆಳೆಸಿ, ಬೆಳಕಿಗೆ ಹಿಡಿದಾಗ ಕೆಲವು ಸಾವಯವ ಕಲೆಗಳು ಆರು ನಿಮಿಷಗಳೊಳಗೆ ಅಳಿಯುವುದನ್ನು 2016ರಲ್ಲಿ ತೋರಿಸಿದರು. ಆದರೆ ಪ್ರಯೋಗಶಾಲೆಯ ತುಂಡುಬಟ್ಟೆಗೂ ನಾವು ಉಡುವ ಇಳಕಲ್ ಸೀರೆಗೂ ನಡುವೆ ಬಹಳ ದೂರವಿದೆ.

ಬೆಂಗಳೂರಿನ ಒಂದು ಪಾಠ

ಈ ವಿಷಯದಲ್ಲಿ ನಮ್ಮ ನಾಡಿನ ಕೊಡುಗೆ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲರು 1980ರ ದಶಕದಲ್ಲಿ ದಹನ ಸಂಶ್ಲೇಷಣೆಯೆಂಬ ವಿಧಾನವನ್ನು ಬೆಳೆಸಿದರು. ಲೋಹದ ಲವಣವನ್ನೂ ಯೂರಿಯಾದಂಥ ಇಂಧನವನ್ನೂ ನೀರಿನಲ್ಲಿ ಕರಗಿಸಿ ಬಿಸಿ ಕುಲುಮೆಯಲ್ಲಿಟ್ಟರೆ, ನೀರಾರಿ ಮಿಶ್ರಣ ತಾನೇ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಅತಿ ಸೂಕ್ಷ್ಮ ಪುಡಿ ಉಳಿಯುತ್ತದೆ. ಇದೇ ದಾರಿಯಲ್ಲಿ ಅದೇ ಸಂಸ್ಥೆಯ ಕೆ. ನಾಗವೇಣಿ, ಪ್ರೊ. ಎಂ. ಎಸ್. ಹೆಗಡೆ, ಪ್ರೊ. ಗಿರಿಧರ ಮದ್ರಾಸ್ ಮತ್ತು ಸಂಗಡಿಗರು ಗ್ಲೈಸಿನನ್ನು ಇಂಧನವಾಗಿ ಬಳಸಿ ಸುಮಾರು ಹತ್ತು ನ್ಯಾನೊಮೀಟರ್ ಗಾತ್ರದ ಟೈಟಾನಿಯಂ ಡೈಆಕ್ಸೈಡ್ ತಯಾರಿಸಿದರು. ನೀರಿನಲ್ಲಿ ಕರಗಿದ ಬಟ್ಟೆಯ ಬಣ್ಣಗಳನ್ನು ಬಿಸಿಲಿನಲ್ಲಿಯೇ ಅದು ಒಡೆಯಬಲ್ಲುದೆಂದೂ, ಮಾರುಕಟ್ಟೆಯ ಹೆಸರಾಂತ ಪುಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದೂ 2003–04ರ ಅವರ ಪ್ರಬಂಧಗಳು ತೋರಿಸಿದವು.

ಅದೇ ತಂಡದ ಇನ್ನೊಂದು ಶೋಧ ಇಂದಿನ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅವರು ಹರಳಿನೊಳಗೆ ಕಬ್ಬಿಣ, ತಾಮ್ರ, ವೆನೇಡಿಯಂ ಮೊದಲಾದ ಲೋಹಗಳನ್ನು ಸೇರಿಸಿ ನೋಡಿದರು. ಏನನ್ನೂ ಸೇರಿಸದ ಶುದ್ಧ ಪುಡಿಗಿಂತ ಅವು ಹಿಂದೆ ಬಿದ್ದವು. ಲೋಹ ಸೇರಿದ ಮಾತ್ರಕ್ಕೆ ಗುಣ ಹೆಚ್ಚುವುದಿಲ್ಲ. ಯಾವ ಲೋಹ, ಎಷ್ಟು ಪ್ರಮಾಣ, ಹರಳಿನ ಒಳಗೋ ಮೇಲೋ ಎಂಬುದು ನಿರ್ಣಾಯಕ. ಔಷಧಯೋಗಗಳ ವಿಷಯದಲ್ಲಿ ನಾವು ಹೇಳುವ ಮಾತೂ ಇದೇ. ಆದ್ದರಿಂದ ‘ಬೆಳ್ಳಿಯುಕ್ತ’ ಎಂಬ ಒಂದು ಪದವನ್ನು ಕಂಡು ಹಣ ತೆರಬಾರದು.

ಭಸ್ಮಗಳ ಮಾತು

ಆಯುರ್ವೇದದ ಭಸ್ಮಗಳೂ ನ್ಯಾನೊ ಅಲ್ಲವೇ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಭಸ್ಮ ನಿಂತ ನೀರಿನ ಮೇಲೆ ತೇಲಬೇಕು, ಬೆರಳ ತುದಿಯ ಗೆರೆಗಳಲ್ಲಿ ತುಂಬಿಕೊಳ್ಳುವಷ್ಟು ನುಣುಪಾಗಿರಬೇಕು ಎಂಬ ವಾರಿತರ, ರೇಖಾಪೂರ್ಣ ಪರೀಕ್ಷೆಗಳನ್ನು ರಸಶಾಸ್ತ್ರ ಹೇಳಿದೆ. ಲೋಹವನ್ನು ಸೂಕ್ಷ್ಮಗೊಳಿಸಿದಾಗ ಅದರ ಗುಣ ಬದಲಾಗುತ್ತದೆಂಬ ಅರಿವು ನಮ್ಮ ಆಚಾರ್ಯರಿಗಿತ್ತು. ಇದು ಹೆಮ್ಮೆಯ ವಿಷಯ. ಆದರೆ ರಜತ ಭಸ್ಮವೇ ಬೇರೆ, ಗೋಡೆಗೆ ಹೊಡೆಯುವ ಬೆಳ್ಳಿಯ ದ್ರವವೇ ಬೇರೆ. ಒಂದರ ಗೌರವವನ್ನು ತೋರಿಸಿ ಇನ್ನೊಂದನ್ನು ಮಾರುವವರನ್ನು ನಂಬಬಾರದು. ಭಸ್ಮಗಳನ್ನೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಲೋಹದ ಶುದ್ಧಿಶಕ್ತಿಗೆ ನಮ್ಮ ಮನೆಯಲ್ಲಿಯೇ ಒಂದು ಸರಳ ಉದಾಹರಣೆ ಇದೆ. ಬೆಂಗಳೂರಿನ ಆಯುರ್ವೇದ ಮತ್ತು ಸಮಗ್ರ ವೈದ್ಯ ಸಂಸ್ಥೆಯ ಸಂಶೋಧಕರು ಸಂಗಡಿಗರೊಂದಿಗೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿಸಾರ ತರುವ ಬ್ಯಾಕ್ಟೀರಿಯಾಗಳನ್ನು ಸೇರಿಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟಾಗ ಅವು ಸತ್ತಿದ್ದವು. ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ಇದಕ್ಕೆ ಬೆಳಕು ಬೇಕಾಗಲಿಲ್ಲ. ಬೇಕಾದದ್ದು ನೀರಿಗೂ ತಾಮ್ರಕ್ಕೂ ನೇರ ಸ್ಪರ್ಶ ಮತ್ತು ಸಾಕಷ್ಟು ಸಮಯ. ಕೊಡದ ಒಳಗೆ ಕಿಲುಬು ಕಟ್ಟಿದರೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಲೇಬೇಕು. ಮಜ್ಜಿಗೆ, ನಿಂಬೆ ಪಾನಕಗಳನ್ನು ಅದರಲ್ಲಿಡಬಾರದು.

ಐದು ಬಿಲ್ಲೆಗಳ ಪರೀಕ್ಷೆ

ನಮ್ಮ ಕೋಣೆಯಲ್ಲಿ ತಪ್ಪಿದ್ದೆಲ್ಲಿ? ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಅವರ ಸಲಹೆಯಂತೆ ಐದು ಟೈಲ್ಸ್ ಬಿಲ್ಲೆಗಳನ್ನು ತೆಗೆದುಕೊಂಡು, ಉಳಿದಿದ್ದ ಅದೇ ದ್ರವವನ್ನು ಮೂರಕ್ಕೆ ಲೇಪಿಸಿದೆವು, ಎರಡನ್ನು ಹಾಗೆಯೇ ಬಿಟ್ಟೆವು. ಎಲ್ಲದರ ಮೇಲೂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಹನಿ ಹಾಕಿದೆವು. ಲೇಪನವಿರುವ ಒಂದು, ಇಲ್ಲದ ಒಂದು ಬಿಲ್ಲೆಯನ್ನು ಮಾಳಿಗೆಯ ಬಿಸಿಲಿನಲ್ಲಿ ಇಟ್ಟೆವು. ಅಂಥದೇ ಇನ್ನೊಂದು ಜೋಡಿಯನ್ನು ಅಭ್ಯಂಗದ ಕೋಣೆಯಲ್ಲಿ ಇಟ್ಟೆವು. ಐದನೆಯದಕ್ಕೆ ಲೇಪನದ ಮೇಲೆ ಎಳ್ಳೆಣ್ಣೆ ಸವರಿ, ಅದರ ಮೇಲೆ ಹನಿ ಹಾಕಿ ಬಿಸಿಲಿನಲ್ಲಿಟ್ಟೆವು.

ಸಂಜೆಯ ಹೊತ್ತಿಗೆ ಬಿಸಿಲಿನಲ್ಲಿದ್ದ ಲೇಪನದ ಬಿಲ್ಲೆಯ ನೀಲಿ ಬಹುಪಾಲು ಅಳಿದಿತ್ತು. ಲೇಪನವಿಲ್ಲದ್ದು ತುಸು ಮಾತ್ರ ಮಾಸಿತ್ತು. ಕೋಣೆಯಲ್ಲಿಟ್ಟ ಎರಡೂ ಮೂರು ದಿನಗಳಾದರೂ ಒಂದೇ ತೆರನಾಗಿದ್ದವು. ಎಳ್ಳೆಣ್ಣೆಯ ಬಿಲ್ಲೆಯ ಮೇಲೆ ನೀಲಿ ಹಾಗೆಯೇ ಕುಳಿತಿತ್ತು.

ಇದರಿಂದ ನಮಗೆ ಎಲ್ಲವೂ ತಿಳಿಯಿತು. ದ್ರವ ಸುಳ್ಳಾಗಿರಲಿಲ್ಲ. ಅದಕ್ಕೆ ಬೇಕಾದ ಬೆಳಕನ್ನು ನಾವು ಕೊಟ್ಟಿರಲಿಲ್ಲ. ರೋಗಿಗಳ ಮಾನರಕ್ಷಣೆಗೆಂದು ಅಭ್ಯಂಗದ ಕೋಣೆಯ ಒಂದೇ ಕಿಟಕಿಗೆ ಮಬ್ಬುಗಾಜೂ ಪರದೆಯೂ ಇದ್ದವು. ಉಳಿದುದು ಎಲ್‌.ಇ.ಡಿ. ದೀಪ. ಅದರಲ್ಲಿ ನೇರಳಾತೀತ ಕಿರಣ ಇಲ್ಲವೆಂದೇ ಹೇಳಬಹುದು. ಬೆಳ್ಳಿ ಕತ್ತಲೆಯಲ್ಲಿಯೂ ಕೆಲಸ ಮಾಡಬಲ್ಲುದು ನಿಜ, ಆದರೆ ದ್ರೋಣಿಯ ಮೇಲೆ ದಿನದಿನವೂ ಕೂಡುತ್ತಿದ್ದ ತೈಲದ ಪದರ ರೋಗಾಣುವಿಗೂ ಬೆಳ್ಳಿಗೂ ನಡುವೆ ಹಾಸಿಗೆಯಾಗಿತ್ತು. ಕೆಲಸದ ತಾಯಿಯ ಕೈಗೆ ಹತ್ತಿದ ಜಿಡ್ಡು ಅದೇ.

ನಮ್ಮ ಊರಿನ ಬಿಸಿಲು, ಧೂಳು, ನೀರು

ವಿಜಯಪುರದಲ್ಲಿ ಬಿಸಿಲಿಗೆ ಬರವಿಲ್ಲ. ಹೊರಗೋಡೆ, ಹೊರಗಾಜುಗಳ ಮಟ್ಟಿಗೆ ಈ ಲೇಪನಕ್ಕೆ ನಮ್ಮ ಊರು ಯೋಗ್ಯವೆನಿಸಬಹುದು. ಆದರೂ ಎರಡು ಅಡಚಣೆಗಳಿವೆ. ಮೊದಲನೆಯದು ನಮ್ಮ ಧೂಳು. ಎರೆಭೂಮಿಯ ಮಣ್ಣು ಖನಿಜ. ಬೆಳಕಿನ ಲೇಪನ ಜಿಡ್ಡನ್ನು ಒಡೆಯುತ್ತದೆ, ಮಣ್ಣನ್ನು ಒಡೆಯಲಾರದು. ಮಣ್ಣನ್ನು ಮಳೆಯೇ ತೊಳೆಯಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಿಂದ ಬೇಸಿಗೆ ಮುಗಿಯುವವರೆಗೆ ಆಕಾಶ ಒಣಗಿರುವ ನಾಡು ನಮ್ಮದು. ಧೂಳಿನ ಹೊದಿಕೆಯಡಿ ಲೇಪನಕ್ಕೆ ಬೆಳಕೂ ತಲುಪುವುದಿಲ್ಲ. ಎರಡನೆಯದು ಬೋರಿನ ಗಡಸು ನೀರು. ಅದರಿಂದ ತೊಳೆದರೆ ಗಾಜಿನ ಮೇಲೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ.

ಬಿಸಿಲು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಚೆನ್ನಾಗಿ ಬಲ್ಲರು. ಹಸಿರು ಬಣ್ಣ ಉಳಿಯಲೆಂದು ಒಣದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿಯೇ ಒಣಗಿಸುತ್ತಾರೆ. ಅದೇ ವಿವೇಕ ಲೇಪನಕ್ಕೂ ಬೇಕು.

ಆರೋಗ್ಯದ ಎಚ್ಚರಿಕೆ

ಗಾಜಿಗೆ ಗಟ್ಟಿಯಾಗಿ ಅಂಟಿದ ಲೇಪನದಿಂದ ಭಯಪಡಬೇಕಾಗಿಲ್ಲ. ಸಿಂಪಡಿಸುವಾಗ ಗಾಳಿಯಲ್ಲಿ ತೇಲುವ ಕಣಗಳ ವಿಷಯ ಬೇರೆ. ಅವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ಟೈಟಾನಿಯಂ ಡೈಆಕ್ಸೈಡಿನ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ‘2ಬಿ’ ವರ್ಗದಲ್ಲಿ ಸೇರಿಸಿತು. ಯೂರೋಪಿನ ಒಕ್ಕೂಟ 2022ರಲ್ಲಿ ಆಹಾರದ ಬಣ್ಣವಾಗಿ ಅದರ ಬಳಕೆಯನ್ನು ನಿಷೇಧಿಸಿತು. ಬೆಳ್ಳಿಯನ್ನು ದೀರ್ಘಕಾಲ ಒಳಗೆ ತೆಗೆದುಕೊಂಡವರ ಚರ್ಮ ನೀಲಿ ಬೂದಿ ಬಣ್ಣಕ್ಕೆ ತಿರುಗುವುದುಂಟು, ಅದು ಮರಳಿ ಹೋಗುವುದಿಲ್ಲ. ತೊಳೆದ ನೀರಿನೊಂದಿಗೆ ಹೋದ ಬೆಳ್ಳಿ ಕೆರೆಯ ಜೀವಿಗಳಿಗೂ ವಿಷ.

ಜರ್ಮನಿಯಲ್ಲಿ 2006ರಲ್ಲಿ ‘ನ್ಯಾನೊ’ ಹೆಸರಿನ ಒಂದು ಸ್ಪ್ರೇ ಬಳಸಿದ ನೂರರ ಆಸುಪಾಸು ಜನರಿಗೆ ಉಸಿರಾಟದ ತೊಂದರೆಯಾಯಿತು. ಪರೀಕ್ಷಿಸಿದಾಗ ಅದರಲ್ಲಿ ನ್ಯಾನೊ ಕಣಗಳೇ ಇರಲಿಲ್ಲ. ಹೆಸರು ಒಂದು, ಒಳಗಿರುವುದು ಇನ್ನೊಂದು. ಆದ್ದರಿಂದ ಮಕ್ಕಳು, ಗರ್ಭಿಣಿಯರು, ಉಬ್ಬಸದವರು ಇರುವಲ್ಲಿ ಯಾವ ದ್ರವವನ್ನೂ ಸಿಂಪಡಿಸಬಾರದು. ಮಾಡಿಸಲೇಬೇಕಾದರೆ ಕಿಟಕಿ ತೆರೆದು, ಜನರನ್ನು ಹೊರಗೆ ಕಳುಹಿಸಿ, ಕೆಲಸಗಾರರಿಗೆ ತಕ್ಕ ಮುಖಗವಸು ಕೊಟ್ಟು ಮಾಡಿಸಬೇಕು.

ಕೊಳ್ಳುವ ಮೊದಲು ಮಾರಾಟಗಾರರನ್ನು ಕೇಳಬೇಕಾದ ಪ್ರಶ್ನೆಗಳು ಇವು. ಇದರಲ್ಲಿರುವ ವಸ್ತು ಯಾವುದು? ಕೆಲಸ ಮಾಡಲು ಯಾವ ಬೆಳಕು ಬೇಕು? ನಮ್ಮ ಕೋಣೆಯಲ್ಲಿ ಆ ಬೆಳಕಿದೆಯೇ? ಬೆಳಕಿನ ಲೇಪನಗಳ ರೋಗಾಣುನಾಶಕ ಶಕ್ತಿಯನ್ನು ಅಳೆಯಲು ಐ.ಎಸ್.ಒ. 27447, ಮನೆಯೊಳಗಿನ ಬೆಳಕಿನಲ್ಲಿ ಅಳೆಯಲು ಐ.ಎಸ್.ಒ. 17094 ಎಂಬ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. ಅವುಗಳ ವರದಿ ಇದೆಯೇ? ಸೋಪು, ನೀರು ತಾಗಿದರೆ ಎಷ್ಟು ದಿನ ಉಳಿಯುತ್ತದೆ? ಉತ್ತರ ಸಿಗದಿದ್ದರೆ ಹಣ ನಮ್ಮಲ್ಲಿಯೇ ಇರಲಿ.

ಹುಳಕಡ್ಡಿಯ ಬಗ್ಗೆ ಎರಡು ಮಾತು

ಈಗ ನಮ್ಮ ಭಾಗದಲ್ಲಿ ಹುಳಕಡ್ಡಿ ಬಹಳ ಮೊಂಡಾಗಿದೆ. ಮನೆಯಲ್ಲೊಬ್ಬರಿಗೆ ಬಂದರೆ ಟವೆಲ್ಲು, ಹಾಸಿಗೆ, ಒಳಉಡುಪುಗಳನ್ನು ಬೇರೆ ಇಡಬೇಕು. ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಸ್ನಾನದ ನಂತರ ಸಂದುಗಳನ್ನು ಒಣಗಿಸಿಕೊಳ್ಳಬೇಕು. ಮನೆಯ ಎಲ್ಲ ಬಾಧಿತರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮುಗಳು ತುರಿಕೆಯನ್ನು ನಾಲ್ಕು ದಿನ ಅಡಗಿಸಿ, ರೋಗವನ್ನು ಒಳಗೊಳಗೇ ಬೆಳೆಸುತ್ತವೆ. ಅವುಗಳನ್ನು ತಾವಾಗಿಯೇ ಹಚ್ಚಬಾರದು. ಮಧುಮೇಹಿಗಳು ತಡಮಾಡದೆ ವೈದ್ಯರನ್ನು ಕಾಣಬೇಕು.

ಹಿರಿಯರಿಗೆ ನಾವು ಕೊಟ್ಟ ಉತ್ತರ

ಶ್ರೀಮಠದ ಹಿರಿಯರಿಗೆ ನಾವು ಹೀಗೆ ಬಿನ್ನವಿಸಿದೆವು. ಮುಂದೆ ಕಟ್ಟಡದ ಹೊರಗಾಜು ಬದಲಿಸುವ ಸಂದರ್ಭ ಬಂದರೆ, ಕಾರ್ಖಾನೆಯಲ್ಲಿಯೇ ಲೇಪಿಸಿದ ಗಾಜಿನ ಬೆಲೆ ವಿಚಾರಿಸಬಹುದು. ಮಕ್ಕಳ ಕೋಣೆಗಳಿಗೂ ದಾಸೋಹದ ಅಡುಗೆಮನೆಗೂ ಸಿಂಪಡಿಸುವುದು ಬೇಡ. ಅಲ್ಲಿ ಎಣ್ಣೆಯ ಹೊಗೆ, ಜಿಡ್ಡು, ನೆರಳು ಮೂರೂ ಇವೆ. ನಮ್ಮ ಅಭ್ಯಂಗದ ಕೋಣೆಯ ಕಥೆಯೇ ಅಲ್ಲಿಯೂ ನಡೆಯುತ್ತದೆ. ಭಕ್ತರು ಕೊಡಲು ಸಿದ್ಧವಿರುವ ಹಣದಲ್ಲಿ ವಸತಿ ನಿಲಯದ ಪೂರ್ವದ ಗೋಡೆಗೆ ಎರಡು ದೊಡ್ಡ ಕಿಟಕಿ, ಊಟದ ಮನೆಯ ಬಾಗಿಲಲ್ಲಿ ಕೈತೊಳೆಯುವ ನಳಗಳ ಸಾಲು, ವರ್ಷಪೂರ್ತಿ ಸಾಲುವಷ್ಟು ಸೋಪು, ಮಾಳಿಗೆಯ ಮೇಲೆ ಹಾಸಿಗೆ ಒಣಗಿಸಲು ತಂತಿ, ಪ್ರತಿ ಮಗುವಿಗೂ ತನ್ನದೇ ಟವೆಲ್ಲು ಆಗಲಿ. ಸ್ವಚ್ಛತೆಯ ಕೆಲಸ ಮಾಡುವ ತಾಯಂದಿರಿಗೆ ಕೈಗವಸು ಕೊಟ್ಟು, ಸಂಬಳವನ್ನೂ ಹೆಚ್ಚಿಸಿರಿ.

ಸುಶ್ರುತರು ಗಾಯಾಳುವಿನ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆ ಎರಡು ಬಾರಿ, ಹತ್ತು ದಿನಗಳವರೆಗೆ, ಆಲಸ್ಯವಿಲ್ಲದೆ ಹಾಕಬೇಕೆಂದು ವಿಧಿಸಿದ್ದಾರೆ. ಈಗ ನಮ್ಮ ಕಣ್ಣು ಧೂಪದ ದ್ರವ್ಯಗಳಿಗಿಂತ ‘ಆಲಸ್ಯವಿಲ್ಲದೆ’ ಎಂಬ ಪದದ ಮೇಲೆಯೇ ನಿಲ್ಲುತ್ತದೆ. ವಿಜ್ಞಾನ ಮುಂದುವರಿಯಲಿ, ಬೆಂಗಳೂರಿನಲ್ಲಿಯೂ ಬೇರೆಡೆಯೂ ನಡೆದಿರುವ ಶೋಧನೆಗಳು ಒಂದು ದಿನ ನಮ್ಮ ಆಸ್ಪತ್ರೆಗಳ ಗೋಡೆಗೆ ಬರಲಿ. ಬಂದಾಗಲೂ ಅವು ಕೈಯ ಕಾಯಕಕ್ಕೆ ನೆರವಾಗುವವೇ ಹೊರತು ಅದರ ಸ್ಥಾನವನ್ನು ತುಂಬಲಾರವು.

ನಮ್ಮ ಚಿಕಿತ್ಸಾಲಯದಲ್ಲಿ ಈಗ ಪ್ರತಿ ರೋಗಿಯ ನಂತರ ದ್ರೋಣಿಯನ್ನು ಬಿಸಿನೀರಿನಿಂದ ತಿಕ್ಕಿ ತೊಳೆದು, ಒರೆಸಿ, ರೋಗಾಣುನಾಶಕ ಹಚ್ಚಿ ಒಣಗಿಸುತ್ತೇವೆ. ಸರಿಯಾಗಿ ಶುಚಿಯಾಯಿತೇ ಇಲ್ಲವೇ ಎಂದು ತೀರ್ಮಾನಿಸುವವರು ಅದೇ ಕೆಲಸದ ತಾಯಿ. ಅವರು ದ್ರೋಣಿಯ ಮೇಲೆ ಅಂಗೈ ಸವರಿ, “ಆತ್ರಿ, ಕರಕೋರಿ” ಎಂದ ಮೇಲೆಯೇ ನಾವು ಮುಂದಿನ ರೋಗಿಯನ್ನು ಒಳಗೆ ಕರೆಯುತ್ತೇವೆ.